ಕಾರ್ಖಾನೆಯೊಳಗಿನ ಕಟ್ಟಳೆ

ಮಾನ್ಯರೇ,

ಕಚೇರಿಯ ಬದುಕನ್ನು ಕುರಿತ ನಮ್ಮ ಲೇಖನವನ್ನು ಓದಿ, ‘ಮಾನವಶಾಸ್ತ್ರಕ್ಕೆ ಹಾಡಿ, ಹಳ್ಳಿಗಳು ಸಾಲದೆ? ನೌಕರರ ಮನಸ್ಸು ತಿಳಿಯಬೇಕಾದರೆ ಪ್ರಶ್ನಾವಳಿ ಹಂಚಿದರಾಯಿತಲ್ಲ?’ ಎಂದು ಕೇಳಿದ್ದೀರಿ.

ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಇದ್ದು ಬಂದ ಲಾಯ್ಡ್ ವಾರ್ನರ್ ಎಂಬ ಮಾನವಶಾಸ್ತ್ರಜ್ಞರ ಸಲಹೆ ಪಡೆದು, ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931ರ ನವೆಂಬರಿನಿಂದ 1932ರ ಮೇವರೆಗೆ ಒಂದು ಅಧ್ಯಯನ ನಡೆಯಿತು. ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣಗಳಿಗೆ ತಂತಿ ಜೋಡಿಸುವ, ಬೆಸುಗೆ ಹಾಕುವ, ತಪಾಸಣೆ ಮಾಡುವ 14 ಜನರಿಗೆ ಪ್ರತ್ಯೇಕ ಕೋಣೆ ಕೊಟ್ಟು, ಅವರ ದಿನಚರಿಯನ್ನು ಬರೆದುಕೊಳ್ಳಲು ಒಬ್ಬರು ಅಲ್ಲಿಯೇ ಕುಳಿತರು. ಗುಂಪಿನ ಒಟ್ಟು ಉತ್ಪಾದನೆ ಹೆಚ್ಚಿದಷ್ಟೂ ಎಲ್ಲರ ಸಂಬಳವೂ ಹೆಚ್ಚುವ ಏರ್ಪಾಡಿತ್ತು. ಹಾಗಿದ್ದೂ ತಂತಿ ಜೋಡಿಸುವ ಒಬ್ಬೊಬ್ಬರೂ ದಿನಕ್ಕೆ ಎರಡು ಉಪಕರಣ ಮುಗಿಸಿದರೆ ಸಾಕೆಂದು ಅವರು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. ಯಾರಾದರೂ ಬಿರುಸಾಗಿ ಕೆಲಸ ಮಾಡಿ ಈ ಮಿತಿಯನ್ನು ದಾಟಿದರೆ ಪಕ್ಕದವನು ಎದ್ದು ಬಂದು ಅವನ ತೋಳಿಗೆ ಬಲವಾಗಿ ಒಂದು ಗುದ್ದು ಹಾಕುತ್ತಿದ್ದ. ತಿರುಗಿ ಗುದ್ದಲು ಗುದ್ದು ತಿಂದವನಿಗೂ ಹಕ್ಕಿತ್ತು, ಆದರೆ ಜಗಳ ಮುಂದುವರಿಯುತ್ತಿರಲಿಲ್ಲ. ಹೆಚ್ಚಿಗೆ ಆದ ಕೆಲಸವನ್ನು ಲೆಕ್ಕಕ್ಕೆ ಕೊಡದೆ ಕೈ ಸಾಗದ ದಿನಕ್ಕೆಂದು ಉಳಿಸಿಕೊಳ್ಳುತ್ತಿದ್ದರು. ನಿಯಮ ಮೀರಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಿಕೊಟ್ಟರೂ ಮೇಲ್ವಿಚಾರಕ ಕಂಡೂ ಕಾಣದಂತೆ ಇರುತ್ತಿದ್ದ.

ಆ ಗುದ್ದನ್ನು ಯಾವ ಪ್ರಶ್ನಾವಳಿಯಲ್ಲಿ ಯಾರು ಬರೆಯುತ್ತಾರೆ, ಹೇಳಿ. ಮುಚ್ಚಿಡಬೇಕೆಂದೇ ಅಲ್ಲ, ದಿನಾ ನಡೆಯುವುದನ್ನು ಹೇಳತಕ್ಕ ಸಂಗತಿಯೆಂದು ಯಾರೂ ಎಣಿಸುವುದಿಲ್ಲ.

ಹೆಚ್ಚು ದುಡಿದರೆ ಕೂಲಿಯ ದರ ಇಳಿಸುತ್ತಾರೆ, ಇಲ್ಲವೆ ಕೆಲವರನ್ನು ಮನೆಗೆ ಕಳಿಸುತ್ತಾರೆ ಎಂಬುದು ಆ ಕೆಲಸಗಾರರ ಭಯವಾಗಿತ್ತು. ದರ ಇಳಿದ ಅನುಭವ ಅವರಿಗಿರಲಿಲ್ಲವಾದ್ದರಿಂದ ಅಧ್ಯಯನಕಾರರು ಈ ಭಯವನ್ನು ತರ್ಕಕ್ಕೆ ನಿಲ್ಲದ ಭಾವನೆಯೆಂದು ವಿವರಿಸಿದರು. ಇದನ್ನು ನಾನು ಒಪ್ಪಲಾರೆ. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದೆ ಜನರನ್ನು ತೆಗೆಯಬೇಕಾಗಿ ಬಂದು ಆ ಅಧ್ಯಯನವೇ ನಿಂತಿತು. ನೋಡಿದ್ದನ್ನು ನಿಷ್ಠೆಯಿಂದ ಬರೆದವರೂ ಬೇರೆಯವರ ಬುದ್ಧಿಯನ್ನು ಕಡಿಮೆ ಎಣಿಸಿಬಿಡಬಹುದು.

ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದ್ದು, ಜಾತಿಯ ವಿಷಯದಲ್ಲಿ ಗ್ರಂಥಗಳು ಹೇಳುವುದಕ್ಕೂ ಊರಿನಲ್ಲಿ ಕಾಣುವುದಕ್ಕೂ ಇರುವ ಅಂತರವನ್ನು ತೋರಿಸಿಕೊಟ್ಟಿತು. ಕಚೇರಿಯ ನಿಯಮಾವಳಿಯೂ ಅಂಥದೊಂದು ಗ್ರಂಥವೇ. ಅದರಾಚೆಗೆ ನಡೆಯುವುದನ್ನು ಕಾಣಲು ನಮ್ಮ ಲೇಖಕರು ತಿಂಗಳುಗಟ್ಟಲೆ ಆ ಕಚೇರಿಯಲ್ಲಿ ಕುಳಿತದ್ದು, ಮತ್ತು ಆ ಲೇಖನಕ್ಕೆ ನಾವು ಅಷ್ಟು ಪುಟಗಳನ್ನು ಕೊಟ್ಟದ್ದು.

— ಸಂಪಾದಕ