ಎಂಆರ್‌ಐ ನಾರ್ಮಲ್ ಇದೆ, ಮಾತ್ರೆ ಯಾಕೆ?

ಪ್ರಶ್ನೆ: ತಮ್ಮನಿಗೆ 22 ವರ್ಷ. ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಿದ್ದನ್ನೇ ನೋಡುತ್ತಾನೆ. ಬಸ್ ಸ್ಟಾಪ್‌ವರೆಗೆ ಹೋಗಿ ವಾಪಸ್ ಬರುತ್ತಾನೆ. ಡಾಕ್ಟರು ಓಸಿಡಿ, ಅಂದರೆ ಗೀಳು ಕಾಯಿಲೆ ಎಂದರು. ಮಾತ್ರೆ ಶುರುವಾಗಿ ಮೂರು ವಾರ. ಅಪ್ಪ ಹಟ ಹಿಡಿದು ಎಂಆರ್‌ಐ ಮಾಡಿಸಿದರು, ನಾರ್ಮಲ್ ಬಂತು. 'ಮಿದುಳು ಸರಿ ಇದೆಯಲ್ಲ, ಇದೆಲ್ಲ ನಾಟಕ, ಮಾತ್ರೆ ನಿಲ್ಲಿಸು' ಅನ್ನುತ್ತಾರೆ. ಅವರಿಗೆ ಗೊತ್ತಾಗದಂತೆ ಕೊಡಲೇ?
– ಅಕ್ಕ, ರಾಜಾಜಿನಗರ

ಉತ್ತರ: ಕದ್ದು ಕೊಡಬೇಡಿ. ನಿಲ್ಲಿಸಲೂ ಬೇಡಿ.

ನಿಮ್ಮಪ್ಪ ಕೇಳಿದ್ದು ಪೆದ್ದು ಪ್ರಶ್ನೆಯೇನಲ್ಲ. ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಅಲ್ವಾ? ಆದರೆ ವೀಣೆಯ ಫೋಟೋ ತೆಗೆದರೆ ತಂತಿ ಕಿತ್ತುಹೋಗಿದ್ದು ಕಾಣುತ್ತದೆ, ಶ್ರುತಿ ತಪ್ಪಿದ್ದು ಕಾಣುವುದಿಲ್ಲ. ಗಡ್ಡೆ, ರಕ್ತಸ್ರಾವ, ಪೆಟ್ಟಿನ ಗುರುತು ಇಲ್ಲ ಎಂದಷ್ಟೇ ಆ ರಿಪೋರ್ಟ್ ಹೇಳುತ್ತಿದೆ. ನೂರಾರು ಜನರ ಸ್ಕ್ಯಾನ್ ಸೇರಿಸಿ ಸರಾಸರಿ ತೆಗೆದರೆ ಓಸಿಡಿ ಇರುವವರ ಮಿದುಳಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸಿಗುತ್ತದೆ, ನಿಜ. ಒಬ್ಬರ ಫಿಲಂ ಹಿಡಿದು ಕಾಯಿಲೆ ಇದೆ, ಇಲ್ಲ ಎನ್ನಲು ಆಗುವುದಿಲ್ಲ. ಡಾಕ್ಟರು ಪತ್ತೆ ಮಾಡುವುದು ಮಾತಾಡಿಸಿಯೇ.

ಓಸಿಡಿಯಲ್ಲಿ ಹಣೆಯ ಹಿಂದಿನ ಮಿದುಳಿಗೂ ಒಳಗಿನ ಕಾಡೇಟ್ ಎಂಬ ಭಾಗಕ್ಕೂ ನಡುವಿನ ಸರ್ಕ್ಯೂಟ್ ಬಿಡುವಿಲ್ಲದೆ ಓಡುತ್ತಿರುತ್ತದೆ. ನಾಬ್ ಕಣ್ಣಿಗೆ ಕಾಣುತ್ತಿದೆ, ಬೆರಳಿಗೆ ಸಿಗುತ್ತಿದೆ, 'ಆಯ್ತು, ಹೊರಡು' ಅಂತ ಮಾತ್ರ ಅನ್ನಿಸುವುದೇ ಇಲ್ಲ. 1992ರಲ್ಲಿ ಅಮೆರಿಕದ ಸಂಶೋಧಕರು ಪೆಟ್ ಸ್ಕ್ಯಾನ್ ಮಾಡಿ ನೋಡಿದರು; ಮಿದುಳಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್ ಅದು. ಚೇತರಿಸಿಕೊಂಡವರಲ್ಲಿ ಕಾಡೇಟಿನ ಚಟುವಟಿಕೆ ತಗ್ಗಿತ್ತು. ಮಾತ್ರೆ ನುಂಗಿದವರಲ್ಲಷ್ಟೇ ಅಲ್ಲ, ಬರೀ ನಡವಳಿಕೆ ಚಿಕಿತ್ಸೆ ಪಡೆದವರಲ್ಲೂ! ನನಗಂತೂ ಈಗಲೂ ಬೆರಗು. ಇದನ್ನು ಅಪ್ಪನಿಗೆ ಓದಿ ಹೇಳಿ.

ಈ ಮಾತ್ರೆಗಳ ಫಲ ಸರಿಯಾಗಿ ಕಾಣಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಮೂರು ವಾರಕ್ಕೇ ತೀರ್ಪು ಕೊಡುವುದು ಅವಸರ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದು. ಇನ್ನು, ನಿಮ್ಮ ತಮ್ಮ ವಯಸ್ಸಿಗೆ ಬಂದವನು. ಮಾತ್ರೆ ಅವನ ಕೈಲೇ ಇರಲಿ. ಈ ಕಾಯಿಲೆಯವರಿಗೆ ಮೊದಲೇ ನಾಚಿಕೆ ಜಾಸ್ತಿ, ಅದರ ಮೇಲೆ ಕಳ್ಳತನ ಬೇರೆ ಯಾಕೆ?

ಮುಂದಿನ ಭೇಟಿಗೆ ಅಪ್ಪನೂ ಬರಲಿ, ಆ ಫಿಲಂ ಕವರ್ ಹಿಡ್ಕೊಂಡೇ ಬರಲಿ. ಡಾಕ್ಟರನ್ನೇ ಕೇಳಲಿ. ಎರಡನೇ ಅಭಿಪ್ರಾಯ ಬೇಕೆಂದರೆ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ಅಲ್ಲಿವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಿಮಗೂ ಒಂದು ಮಾತು. 'ಅಕ್ಕಾ, ಗ್ಯಾಸ್ ಆಫ್ ಆಗಿದೆ ಅಲ್ವಾ?' ಎಂದು ಅವನು ಕೇಳಿದಾಗಲೆಲ್ಲ ನೀವು 'ಹೂಂ ಕಣೋ' ಅನ್ನುತ್ತಿರುತ್ತೀರಿ. ಪ್ರೀತಿಗೇ ಹೇಳುವುದು, ಆದರೆ ಆ ಹೂಂ ತಿಂದೇ ಕಾಯಿಲೆ ಬೆಳೆಯುತ್ತದೆ. ಅದನ್ನು ನಿಧಾನವಾಗಿ ಕಡಿಮೆ ಮಾಡುವುದು ಹೇಗೆಂದು ಥೆರಪಿಸ್ಟ್ ಹತ್ತಿರ ಕೇಳಿ, ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು.