ಒಂದೇ ಕೀವರ್ಡ್ ಎಲ್ಲ ಪುಟಗಳಿಗೂ ಹಾಕಬಹುದಾ?

ಮುಖ್ಯ ಕೀವರ್ಡ್ (ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ ಪದ) ಒಂದನ್ನೇ ಸೈಟಿನ ಎಲ್ಲ ಪುಟಗಳಲ್ಲೂ ಹಾಕಿದರೆ ಗೂಗಲ್‌ನಲ್ಲಿ ಬೇಗ ಮೇಲೆ ಬರಬಹುದಾ ಅಂತ ಕೇಳಿದ್ದೀರಿ. ಇಲ್ಲ. ನಿಮ್ಮ ಪುಟಗಳೇ ಒಂದಕ್ಕೊಂದು ಪೈಪೋಟಿಗೆ ಬೀಳುತ್ತವೆ, ಅಷ್ಟೇ.

ಒಂದು ಪುಟಕ್ಕೆ ಒಂದು ಮುಖ್ಯ ಕೀವರ್ಡ್, ಜೊತೆಗೆ ಅದೇ ಅರ್ಥದ ಎರಡು-ಮೂರು ಪದ ಸಾಕು. ಪುಟಗಳಿಗೆ ಕೀವರ್ಡ್ ಹಂಚುವಾಗ ಪದಕ್ಕಿಂತ ಜಾಸ್ತಿ, ಹುಡುಕುವವರಿಗೆ ಏನು ಬೇಕು ಅನ್ನೋದನ್ನು ನೋಡಿ. 'ಸೈಕಲ್ ಚೈನ್ ಬದಲಾಯಿಸುವುದು ಹೇಗೆ' ಅಂತ ಟೈಪ್ ಮಾಡುವವರಿಗೆ ಹಂತ ಹಂತವಾಗಿ ಹೇಳಿಕೊಡುವ ಲೇಖನ ಬೇಕು. 'ಸೈಕಲ್ ಚೈನ್ ಬೆಲೆ' ಅಂತ ಹುಡುಕುವವರು ಕೊಳ್ಳಲು ಬಂದವರು. ಇವೆರಡಕ್ಕೂ ಬೇರೆ ಬೇರೆ ಪುಟ ಬೇಕೇ ಬೇಕು. ಆದರೆ 'ಚೈನ್ ಬದಲಾಯಿಸುವ ವಿಧಾನ' ಅಂತ ಸುಮ್ನೆ ಇನ್ನೊಂದು ಪುಟ ಮಾಡಬೇಡಿ, ಅದೂ ಮೊದಲನೆಯದೂ ಒಂದೇ. ಅನುಮಾನ ಬಂದರೆ ಎರಡೂ ಕೀವರ್ಡ್‌ಗಳನ್ನು ಗೂಗಲ್‌ನಲ್ಲಿ ಹುಡುಕಿ. ಫಲಿತಾಂಶ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಒಂದೇ ಪುಟ ಸಾಕು.

ಆ ಕೀವರ್ಡ್ ಟೈಟಲ್‌ನಲ್ಲಿ, ಮುಖ್ಯ ಹೆಡಿಂಗ್‌ನಲ್ಲಿ ಇರಲಿ. ನಿಮ್ಮದೇ ಬೇರೆ ಪುಟಗಳಿಂದ ಲಿಂಕ್ ಕೊಡುವಾಗಲೂ 'ಇಲ್ಲಿ ಒತ್ತಿ' ಅನ್ನುವ ಬದಲು ಅದನ್ನೇ ಬಳಸಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಮೆಟಾ ಕೀವರ್ಡ್ಸ್ ಟ್ಯಾಗ್ (ಪುಟದ ಕೋಡಿನಲ್ಲಿ ಕೀವರ್ಡ್ ಪಟ್ಟಿ ಬರೆಯುವ ಜಾಗ) ತುಂಬಿಸುತ್ತಾ ಕೂರಬೇಡಿ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಸೈಟ್ ಹಳೆಯದಾದರೆ, ಅದು ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನ ಸಾಧನವಾದ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆಗೆದು, ಒಂದು ಕ್ವೆರಿ (ಜನ ಹುಡುಕಿದ ಪದ) ಒತ್ತಿ, 'ಪೇಜಸ್' ಟ್ಯಾಬ್ ನೋಡಿ. ಒಂದೇ ವಿಷಯದ ಎರಡು ಪುಟ ಅಲ್ಲಿ ಕಂಡರೆ ಚೆನ್ನಾಗಿರೋದನ್ನು ಉಳಿಸಿಕೊಳ್ಳಿ. ಇನ್ನೊಂದರಲ್ಲಿರುವ ಒಳ್ಳೆಯ ಭಾಗವನ್ನು ಅದಕ್ಕೆ ಸೇರಿಸಿ, ಆ ಪುಟದ ವಿಳಾಸದಿಂದ ಇದಕ್ಕೆ 301 ರೀಡೈರೆಕ್ಟ್ (ಬಂದವರನ್ನು ಶಾಶ್ವತವಾಗಿ ಬೇರೆ ವಿಳಾಸಕ್ಕೆ ಕಳಿಸುವ ವ್ಯವಸ್ಥೆ) ಕೊಡಿ.