‘ಕ್ವಾಲಿಟಿ ಎಲ್ಲರ ಕೆಲಸ’ ಅಂದಾಗ ಅವರಿಗೆ ಕೇಳಿಸಿದ್ದು

ಆಪ್ತಸಲಹೆಗೆ ಅವರು ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ತಾವಾಗಿ ಬಂದವರಲ್ಲ, ಹೆಂಡತಿ ಒತ್ತಾಯ ಮಾಡಿ ಕಳಿಸಿದ್ದರು. ವಯಸ್ಸು ಐವತ್ತರ ಹತ್ತಿರ. ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸರ್ವಿಸ್, ಈಗ ಕ್ವಾಲಿಟಿ ವಿಭಾಗದ ಇನ್‌ಚಾರ್ಜ್. ಅಲ್ಲಿನ ಹುಡುಗರು ಕರೆಯುವ ಹಾಗೆ ನಾನೂ ಇಲ್ಲಿ ‘ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಸರ್’ ಅಂತಲೇ ಬರೆಯುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ರಾತ್ರಿ ಹನ್ನೊಂದಕ್ಕೆ ಮಲಗಿದರೆ ಮೂರಕ್ಕೆ ಎಚ್ಚರ. ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ರೆಗ್ಯುಲೇಟರ್ ಆಫ್ ಆಗಿದೆಯಾ ಅಂತ ನೋಡುತ್ತಾರೆ. ಬಂದು ಮಲಗುತ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಎದ್ದು ನೋಡುತ್ತಾರೆ. ಫ್ಯಾಕ್ಟರಿಯಲ್ಲೂ ಇದೇ ಕಥೆ. ಇನ್‌ಸ್ಪೆಕ್ಟರ್ ಅಳತೆ ಮಾಡಿ ಪಾಸ್ ಮಾಡಿದ ಪೀಸುಗಳನ್ನು ಇವರು ಮತ್ತೆ ಅಳೆಯುತ್ತಾರೆ. ಪ್ಯಾಕಿಂಗ್ ಆದ ಡಬ್ಬಿ ಬಿಚ್ಚಿಸಿ ನೋಡುತ್ತಾರೆ. ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ.

ಇದು ಗೀಳಿನ ಕಾಯಿಲೆ ಇರಬಹುದು ಅನ್ನುವ ಅನುಮಾನ ನನಗೂ ಬಂತು. ಅದನ್ನು ನಾನೇ ತೀರ್ಮಾನ ಮಾಡುವಂತಿಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಪರೀಕ್ಷೆ ಮಾಡಿ, ಗೀಳಲ್ಲ, ಕೆಲಸಕ್ಕೆ ಸಂಬಂಧಿಸಿದ ಆತಂಕ, ಆಪ್ತಸಲಹೆ ಮುಂದುವರಿಸಿ ಅಂದರು. ಬಿಪಿ ಜಾಸ್ತಿ ಇತ್ತು, ಅದಕ್ಕೆ ಬೇರೆ ಡಾಕ್ಟರ್ ಮಾತ್ರೆ ಕೊಟ್ಟರು. ನಡುರಾತ್ರಿ ತೀರಾ ಕಷ್ಟ ಅನ್ನಿಸಿದರೆ ಇರಲಿ ಅಂತ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವರ ಫೋನಿನಲ್ಲಿ ಹಾಕಿಸಿದೆ.

ಮೊದಲ ಸಲ ನಾನು ಕೊಟ್ಟ ಸಲಹೆ ಸರಿಹೋಗಲಿಲ್ಲ. ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದೆ. ಮುಂದಿನ ವಾರ ಒಂದು ಹಾಳೆ ತಂದರು. ಗೆರೆ ಎಳೆದು, ತಾರೀಖು ಹಾಕಿ, ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ ಅಂತ ಟಿಕ್ ಮಾಡಿದ್ದರು. ಎರಡು ದಿನ ತಪ್ಪಿಹೋಗಿತ್ತು, ಅದಕ್ಕೆ ಕಾರಣವನ್ನೂ ಬರೆದಿದ್ದರು. ಆಡಿಟ್‌ಗೆ ತಯಾರಿ ಮಾಡಿದ ಹಾಗಿತ್ತು. ಮನುಷ್ಯನಿಗೆ ಇರುವ ಭಯ ಯಾವುದು ಅಂತ ಗೊತ್ತಾಗುವ ಮೊದಲೇ ನಾನು ಔಷಧಿ ಕೊಟ್ಟುಬಿಟ್ಟಿದ್ದೆ. ಆ ಹಾಳೆ ಪಕ್ಕಕ್ಕಿಟ್ಟು, ‘ಇದು ಶುರುವಾಗಿದ್ದು ಯಾವಾಗಿಂದ?’ ಅಂತ ಕೇಳಿದೆ.

ವರ್ಷದ ಹಿಂದೆ ದೊಡ್ಡ ಯಜಮಾನರು ಹಿಂದೆ ಸರಿದು ಮಗನಿಗೆ ಜವಾಬ್ದಾರಿ ಕೊಟ್ಟರು. ಪೆಟ್ರೋಲ್ ಗಾಡಿಗಳ ಎಂಜಿನ್‌ಗೆ ಹೋಗುತ್ತಿದ್ದ ಪಾರ್ಟುಗಳ ಆರ್ಡರ್ ಕಮ್ಮಿಯಾಗುತ್ತಿತ್ತು. ಎಲೆಕ್ಟ್ರಿಕ್ ಗಾಡಿಯ ಹೊಸ ಪಾರ್ಟುಗಳು ಬಂದವು. ರಿಜಿಸ್ಟರ್ ಹೋಗಿ ಟ್ಯಾಬ್ ಬಂತು. ಹೀಗಿರುವಾಗ ಒಂದು ದಿನ ಚಿಕ್ಕ ಯಜಮಾನರು ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು ಹಾಕಿದರು: ಇನ್ಮೇಲೆ ಕ್ವಾಲಿಟಿ ಎಲ್ಲರ ಕೆಲಸ, ಆಪರೇಟರೇ ಚೆಕ್ ಮಾಡಿ ಎಂಟ್ರಿ ಹಾಕಬೇಕು.

‘ಅದನ್ನ ಓದಿದಾಗ ನಿಮಗೆ ಏನು ಕೇಳಿಸಿತು?’ ಅಂದೆ.

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೀನು ಬೇಡ ಅಂತ ಕೇಳಿಸ್ತು ಮೇಡಂ’ ಅಂದರು.

ಇದರ ಹಿಂದೆ ಇನ್ನೊಂದು ಹಳೇ ನೋವೂ ಇತ್ತು. ಐಎಸ್‌ಒ 9001 ಅನ್ನುವ ಕ್ವಾಲಿಟಿ ಸ್ಟ್ಯಾಂಡರ್ಡ್ ಬಂದಿದ್ದು 1987ರಲ್ಲಿ. ಅದರ ಹಳೇ ಆವೃತ್ತಿಗಳಲ್ಲಿ, ಅದನ್ನು ಪಾಲಿಸುವ ಪ್ರತಿ ಕಂಪನಿಯೂ ಕ್ವಾಲಿಟಿ ವ್ಯವಸ್ಥೆ ನೋಡಿಕೊಳ್ಳಲು ಒಬ್ಬರನ್ನು ‘ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್’ ಅಂತ ನೇಮಿಸಲೇಬೇಕಿತ್ತು. ಎಲ್ಲರೂ ‘ಎಂ.ಆರ್.’ ಅನ್ನುತ್ತಿದ್ದರು. ಇವರ ಕಂಪನಿಯ ಎಂ.ಆರ್. ಇವರೇ. 2015ರ ಆವೃತ್ತಿ ಆ ಕಡ್ಡಾಯವನ್ನು ತೆಗೆದುಹಾಕಿತು. ಕ್ವಾಲಿಟಿಗೆ ಮಾಲೀಕರೇ, ಅಂದರೆ ಮೇಲಿನವರೇ ಜವಾಬ್ದಾರರು, ಅದನ್ನು ಒಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಹಾಗಿಲ್ಲ ಅನ್ನುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಇವರಿಗೆ ಅದನ್ನು ಕೂರಿಸಿಕೊಂಡು ಯಾರೂ ಬಿಡಿಸಿ ಹೇಳಲಿಲ್ಲ. ಬಾಗಿಲ ಮೇಲಿದ್ದ ಬೋರ್ಡ್ ಹೋಯಿತು, ಕೆಲಸ ಮಾತ್ರ ಹಾಗೇ ಉಳಿಯಿತು. ಈಗ ಕೆಲಸವೂ ಹೋಗುತ್ತದೆ ಅನ್ನಿಸಿದೆ. ಅದಕ್ಕೇ ಪ್ರತಿ ಪೀಸನ್ನೂ ತಮ್ಮ ಕೈಯಲ್ಲಿ ಹಿಡಿದುಕೊಳ್ಳಲು ನೋಡುತ್ತಿದ್ದಾರೆ.

ನಾಲ್ಕನೇ ಭೇಟಿಯಲ್ಲಿ ಒಂದು ಘಟನೆ ಹೇಳಿದರು. ಸಂಜೆ ಶಿಫ್ಟ್ ಬದಲಾಗುವ ಹೊತ್ತು. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷಿನ್ ಪಕ್ಕದ ಟ್ರಾಲಿಯಲ್ಲಿ ಕೂಲೆಂಟ್ (ಕೊರೆಯುವಾಗ ತಣಿಸುವ ದ್ರವ) ಸೋರುತ್ತಿದ್ದ ಕಬ್ಬಿಣದ ಚೂರುಗಳ ರಾಶಿ. ಅದರೊಳಗೆ ಏನೋ ಹೊಳೆದಂತಾಯಿತು. ಕೈ ಹಾಕಿ ತೆಗೆದರು. ಮುಗಿದ ಪೀಸು. ಕೆದಕಿದರೆ ಹದಿನಾಲ್ಕು ಪೀಸು. ಜೇಬಿನಿಂದ ತೂತಿನ ಅಳತೆ ನೋಡುವ ಪ್ಲಗ್ ಗೇಜ್ ತೆಗೆದು ಹಾಕಿ ನೋಡಿದರು. ತೂತಿನೊಳಗೆ ಹೋಗಬಾರದ ‘ನೋ ಗೋ’ ತುದಿ ಸಲೀಸಾಗಿ ಇಳಿಯಿತು. ಅಂದರೆ ತೂತು ದೊಡ್ಡದಾಗಿಬಿಟ್ಟಿದೆ. ಸಣ್ಣದಿದ್ದರೆ ಮತ್ತೆ ಕೊರೆಯಬಹುದು, ದೊಡ್ಡದಾದರೆ ರೀವರ್ಕ್ ಆಗಲ್ಲ, ಸ್ಕ್ರ್ಯಾಪ್. ಇನ್ಸರ್ಟ್ (ಕೊರೆಯುವ ಟೂಲಿನ ತುದಿ) ಬದಲಾಯಿಸಿದಾಗ ಮಷಿನ್ ನಡೆಸುವ ಹುಡುಗ ಆಫ್‌ಸೆಟ್, ಅಂದರೆ ಅದಕ್ಕೆ ತಕ್ಕಂತೆ ಮಷಿನ್‌ಗೆ ಕೊಡುವ ಅಳತೆ, ತಪ್ಪಾಗಿ ಹಾಕಿದ್ದ. ಕೆಟ್ಟ ಪೀಸಿಗೆಂದೇ ಇಟ್ಟ ಕೆಂಪು ಬಿನ್‌ಗೆ ಹಾಕುವ ಬದಲು ಹೂತಿಟ್ಟಿದ್ದ.

‘ಯಾಕೆ ಮುಚ್ಚಿಟ್ಟೆ ಅಂದೆ. ನೀವು ಬೈತೀರಲ್ಲ ಸರ್ ಅಂದ.’ ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ‘ಇಪ್ಪತ್ತು ವರ್ಷದಲ್ಲಿ ನನ್ನ ಹತ್ತಿರ ಯಾರೂ ಪೀಸ್ ಮುಚ್ಚಿಟ್ಟಿರಲಿಲ್ಲ ಮೇಡಂ.’

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲೇ ಇದೆ. ತನ್ನ ಜಾಗ ಹೋಗುತ್ತದೆ ಅನ್ನುವ ಭಯದಲ್ಲಿರುವ ಮೇಲಿನವರು ಕೆಳಗಿನವರನ್ನು ಹೆದರಿಸುತ್ತಾರೆ. ಬೇಕಂತ ಅಲ್ಲ, ಗೊತ್ತಿಲ್ಲದೇ. ಹೆದರಿದವರು ಮುಚ್ಚಿಡುತ್ತಾರೆ. ಮುಚ್ಚಿಟ್ಟಿದ್ದು ಸಿಕ್ಕಿದಾಗ ಮೇಲಿನವರ ಭಯ ಇನ್ನೂ ಹೆಚ್ಚುತ್ತದೆ. ನಾನು ಕಂಡ ಎಷ್ಟೋ ಆಫೀಸುಗಳಲ್ಲೂ ಇದೇ ಸುತ್ತು. ಅಲ್ಲಿ ಹೂತಿಡುವುದು ಪೀಸಲ್ಲ, ಕೆಟ್ಟ ಸುದ್ದಿ. ಅಷ್ಟೇ ವ್ಯತ್ಯಾಸ.

ಅವರ ಕುರ್ಚಿಯ ಹಿಂದೆ ಕ್ವಾಲಿಟಿಯ ಏಳು ತತ್ವಗಳನ್ನು ಲ್ಯಾಮಿನೇಟ್ ಮಾಡಿಸಿ ಹಾಕಿದ್ದರಂತೆ. ಬಾಯಿಪಾಠ ಹೇಳಿ ಅಂದೆ. ಗ್ರಾಹಕರ ಕಡೆ ಗಮನ, ನಾಯಕತ್ವ, ಜನರನ್ನು ತೊಡಗಿಸಿಕೊಳ್ಳುವುದು, ಪ್ರೋಸೆಸ್ ನೋಡುವುದು, ಸುಧಾರಣೆ, ಸಾಕ್ಷಿ ನೋಡಿ ತೀರ್ಮಾನ, ಸಂಬಂಧ ಕಾಪಾಡುವುದು. ಒಂದೇ ಉಸಿರಿಗೆ ಹೇಳಿದರು. ಮೊದಲು ಎಂಟಿದ್ದವು, 2015ರಲ್ಲಿ ಏಳಾದವು ಅಂತ ಅವರೇ ತಿಳಿಸಿದರು. ‘ಆ ಹುಡುಗನ ವಿಷಯದಲ್ಲಿ ಇವುಗಳಲ್ಲಿ ಯಾವುದು ಕೆಲಸ ಮಾಡಲಿಲ್ಲ?’ ಅಂತ ಕೇಳಿದೆ. ಉತ್ತರ ಬರಲು ಹೊತ್ತಾಗಲಿಲ್ಲ. ಡೆಮಿಂಗ್ ಹೆಸರನ್ನೂ ಅವರೇ ತೆಗೆದರು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳವರಿಗೆ ಕ್ವಾಲಿಟಿ ಪಾಠ ಹೇಳಿದ ಅಮೆರಿಕದವರು. ಅವರ 14 ಅಂಶಗಳಲ್ಲಿ ಎಂಟನೆಯದು, ಕೆಲಸದ ಜಾಗದಿಂದ ಭಯ ಓಡಿಸಿ ಅನ್ನುವುದು. ಮೂರನೆಯದು, ಕೊನೆಯಲ್ಲಿ ನಿಂತು ಎಲ್ಲವನ್ನೂ ತಪಾಸಣೆ ಮಾಡುವುದನ್ನೇ ನೆಚ್ಚಿಕೊಳ್ಳಬೇಡಿ ಅನ್ನುವುದು. ‘ಎರಡೂ ಟ್ರೈನಿಂಗ್‌ನಲ್ಲಿ ನಾನೇ ಪಾಠ ಮಾಡಿದ್ದೀನಿ’ ಅಂದರು.

ಹಾಗಾಗಿ ನಾನು ಹೊಸದೇನೂ ಕಲಿಸಬೇಕಾಗಿರಲಿಲ್ಲ. ಅವರ ಭಾಷೆಯಲ್ಲೇ ಅವರಿಗೆ ದಾರಿ ಇತ್ತು.

ಮೊದಲ ಸಲಹೆ, ಒಂದೇ ಒಂದು ಪಾರ್ಟ್ ಆರಿಸಿ. ಇಷ್ಟು ವರ್ಷದಲ್ಲಿ ಕಂಪ್ಲೇಂಟ್ ಕಮ್ಮಿ ಬಂದಿರುವ ಪಾರ್ಟ್. ಎರಡು ವಾರ ಅದನ್ನು ಇನ್‌ಸ್ಪೆಕ್ಟರ್ ಪಾಸ್ ಮಾಡಿದ ಮೇಲೆ ಮುಟ್ಟಬೇಡಿ. ಕೈ ತುರಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆದರೂ ಮುಟ್ಟಬೇಡಿ. ಏನಾಯಿತು ಅಂತ ಅಂಕಿ ಬರೆದಿಡಿ. ಮನಸ್ಸು ಹೇಳಿದ್ದನ್ನಲ್ಲ, ಸಾಕ್ಷಿಯನ್ನು ನಂಬೋಣ ಅಂದೆ. ಗ್ಯಾಸ್‌ಗೂ ಹಾಗೆಯೇ: ಮಲಗುವ ಮುಂಚೆ ಒಮ್ಮೆ ನೋಡಿ, ‘ಆಫ್ ಆಗಿದೆ’ ಅಂತ ಬಾಯಿಬಿಟ್ಟು ಹೇಳಿ, ಅಲ್ಲಿಗೆ ಮುಗಿಯಿತು. ಮೂರಕ್ಕೆ ಎಚ್ಚರವಾದರೆ ಹೊರಳಾಡಬೇಡಿ, ಎದ್ದು ಹಾಲ್‌ನಲ್ಲಿ ಕೂತು ನಿದ್ದೆ ಬಂದಾಗ ಮತ್ತೆ ಮಲಗಿ. ಫೋನ್ ಮಾತ್ರ ಮುಟ್ಟಬೇಡಿ. ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು.

ಎರಡನೆಯದು ಇದಕ್ಕಿಂತ ಕಷ್ಟದ್ದು. ಆಪರೇಟರ್ ಕೆಟ್ಟ ಪೀಸ್ ತಂದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ‘ತಂದಿದ್ದು ಒಳ್ಳೇದಾಯ್ತು’ ಅಂತ ಇರಬೇಕು. ಯಾಕೆ, ಹೇಗೆ ಎಲ್ಲಾ ಆಮೇಲೆ. ಇದನ್ನು ನಾವು ನನ್ನ ರೂಮಿನಲ್ಲಿ ಅಭ್ಯಾಸ ಮಾಡಿದೆವು. ನಾನು ಆ ಹುಡುಗ, ಅವರು ಅವರೇ. ಮೊದಲ ಐದಾರು ಸಲ ‘ಏನಯ್ಯಾ ಇದು’ ಅಂತಲೇ ಬಂತು. ಜೊತೆಗೆ ಇನ್ನೊಂದು ಮಾತು ಹೇಳಿದೆ. ನೀವು ಹುಡುಗನಾಗಿದ್ದಾಗ ಹಾಳು ಮಾಡಿದ ಒಂದು ಲಾಟ್ ಬಗ್ಗೆ ಬೆಳಗಿನ ಮೀಟಿಂಗ್‌ನಲ್ಲಿ ಹುಡುಗರಿಗೆ ಹೇಳಿ.

ಹೇಳಿದರು. ಮುಂದಿನ ತಿಂಗಳು ಗಾಬರಿಯಲ್ಲಿ ಬಂದರು. ಕೆಂಪು ಬಿನ್‌ನ ಲೆಕ್ಕ ಜಾಸ್ತಿಯಾಗಿದೆ, ನನ್ನ ಮೆತ್ತಗಿನ ಮಾತಿನಿಂದ ಹುಡುಗರು ಹಾಳಾದರು ಅಂತ. ಇಲ್ಲಿ ತಾಳ್ಮೆ ಬೇಕು. ಭಯ ಕಮ್ಮಿಯಾದ ಜಾಗದಲ್ಲಿ ಮೊದಲು ಕಾಣುವುದು ತಪ್ಪು ಜಾಸ್ತಿಯಾದಂತೆ. ಮಾಡುವ ತಪ್ಪು ಹೆಚ್ಚಿದೆಯೋ, ತೋರಿಸುವುದು ಹೆಚ್ಚಿದೆಯೋ ಅಂತ ಹೇಗೆ ಗೊತ್ತಾಗುತ್ತದೆ ಅಂದೆ. ಅವರೇ ಲೆಕ್ಕ ಹಾಕಿದರು: ಕೊಟ್ಟ ಕಚ್ಚಾ ಮಾಲೆಷ್ಟು, ಪ್ಯಾಕ್ ಆಗಿದ್ದೆಷ್ಟು, ಬಿನ್‌ನಲ್ಲಿದ್ದೆಷ್ಟು. ಹಿಂದಿನ ತಿಂಗಳುಗಳಲ್ಲಿ ಲೆಕ್ಕಕ್ಕೆ ಸಿಗದ ಪೀಸುಗಳು ಇದ್ದವು. ಈ ತಿಂಗಳು ಹೆಚ್ಚುಕಮ್ಮಿ ತಾಳೆಯಾಯಿತು.

ಚಿಕ್ಕ ಯಜಮಾನರ ಜೊತೆ ಮಾತಾಡುವುದಕ್ಕೆ ಅವರು ಬಹಳ ಹಿಂಜರಿದರು. ನಾನು ಮಾತಾಡಲಾ ಅಂದೆ, ಬೇಡ ಅಂದರು. ಆ ನಿರ್ಧಾರ ಅವರದೇ. ಮರ್ಯಾದೆ, ಬೇಜಾರು ಅನ್ನುವ ಮಾತು ಬಿಟ್ಟು ಮೂರು ಕೇಳಿಕೆ ಬರೆದುಕೊಂಡು ಹೋಗಿ ಅಂದೆ. ಅವರು ಬರೆದುಕೊಂಡಿದ್ದು ಇಷ್ಟು: ಬದಲಾವಣೆ ಇದ್ದರೆ ಗ್ರೂಪಿಗೆ ಹಾಕುವ ಮುಂಚೆ ನನಗೆ ಹೇಳಿ. ಆಪರೇಟರುಗಳಿಗೆ ಅಳತೆ ಕಲಿಸುವ ಕೆಲಸ ನನಗೆ ಕೊಡಿ. ವಾರದಲ್ಲಿ ನಾಲ್ಕು ದಿನವಾದರೂ ಏಳಕ್ಕೆ ಹೊರಡಲು ಬಿಡಿ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕೆಲಸದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಕೆಲಸದ ಜಾಗಕ್ಕೆ ಸೇರಿದ ಸಮಸ್ಯೆ ಅಂತ ಗುರುತಿಸಿದೆ, ಕಾಯಿಲೆ ಅಂತಲ್ಲ. ದಿನಕ್ಕೆ ಹದಿಮೂರು ಗಂಟೆ ದುಡಿಸಿ, ಬದುಕು ಬದಲಿಸುವ ತೀರ್ಮಾನವನ್ನು ಒಂದು ಸಾಲಿನ ಮೆಸೇಜಿನಲ್ಲಿ ತಿಳಿಸುವುದು ಆಡಳಿತದ ತಪ್ಪು. ಅದನ್ನು ಒಬ್ಬ ಮನುಷ್ಯನ ಮನಸ್ಸಿನ ದೌರ್ಬಲ್ಯ ಅಂತ ನಾನು ಬರೆದುಕೊಳ್ಳುವುದಿಲ್ಲ.

ಮೂರರಲ್ಲಿ ಎರಡಕ್ಕೆ ಒಪ್ಪಿಗೆ ಸಿಕ್ಕಿತು. ಗ್ರೂಪಿನ ಮೆಸೇಜು ಮಾತ್ರ ಇನ್ನೂ ಹಾಗೇ ಬರುತ್ತಿದೆ. ಈಗ ದಿನಾ ಮಧ್ಯಾಹ್ನ ಅರ್ಧ ಗಂಟೆ ಇವರು ಹುಡುಗರಿಗೆ ಮೈಕ್ರೋಮೀಟರ್ ಹಿಡಿಯುವುದು ಕಲಿಸುತ್ತಾರೆ. ಪೀಸು ಹೂತಿಟ್ಟಿದ್ದ ಹುಡುಗನೇ ಇವರಿಗೆ ಟ್ಯಾಬ್‌ನಲ್ಲಿ ಎಂಟ್ರಿ ಹಾಕುವುದು ಕಲಿಸಿದ್ದಾನೆ. ರಾತ್ರಿ ಐದೂವರೆ ಗಂಟೆಯಷ್ಟು ನಿದ್ದೆ ಆಗುತ್ತಿದೆ.

ಹೋದ ಭೇಟಿಯಲ್ಲಿ ಸ್ವಲ್ಪ ಸಂಕೋಚದಿಂದ ಕೇಳಿದರು, ‘ಶಿಫ್ಟ್ ಶುರುವಾದಾಗ ಮೊದಲನೇ ಪೀಸ್ ಮಾತ್ರ ನಾನೇ ನೋಡ್ತೀನಿ ಮೇಡಂ, ಅದನ್ನೂ ಬಿಡ್ಬೇಕಾ?’ ಮೊದಲ ಪೀಸ್ ನೋಡಿ ಓಕೆ ಮಾಡುವುದು ಅವರ ಪ್ರೋಸೆಸ್‌ನಲ್ಲೇ ಇರುವ ಕೆಲಸ. ಬಿಡಬೇಡಿ, ನೋಡಿ ಅಂದೆ. ಮುಂದಿನ ತಾರೀಖು ತಿಂಗಳು ಬಿಟ್ಟು ಹಾಕಿದ್ದೇವೆ.